ಕಾರವಾರ–ಅಂಕೋಲೆಗಳ ಕ್ರೈಸ್ತ ಮನೆವಾರ್ತೆ: ಧರ್ಮ, ಋತು ಮತ್ತು ಕಾನೂನು

ರಾಜ್ಯಗಳ ಆಯವ್ಯಯವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಮನೆಗಳ ಆಯವ್ಯಯವನ್ನು ಕುರಿತು ಆದುದು ಅತ್ಯಲ್ಪ. ಒಂದು ಕುಟುಂಬವು ಎಷ್ಟು ಗಳಿಸಿತು, ಯಾವಾಗ ಖರ್ಚು ಮಾಡಿತು, ಯಾರಿಗಾಗಿ ಮಾಡಿತು, ಹಣದ ಪೆಟ್ಟಿಗೆಯ ಬೀಗದಕೈ ಯಾರ ಬಳಿ ಇತ್ತು ಎಂಬ ಪ್ರಶ್ನೆಗಳು ಚಿಕ್ಕವೆಂದು ತೋರಿದರೂ ಸಮಾಜದ ಇತಿಹಾಸವು ನಿಂತಿರುವುದು ಅವುಗಳ ಮೇಲೆಯೇ. ಪ್ರಸ್ತುತ ಲೇಖನದಲ್ಲಿ ನಾವು ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಕ್ರೈಸ್ತ ಕುಟುಂಬಗಳನ್ನು, ವಿಶೇಷವಾಗಿ ಕೊಂಕಣಿ ಮಾತನಾಡುವ ರೋಮನ್ ಕಥೋಲಿಕರನ್ನು, ಈ ದೃಷ್ಟಿಯಿಂದ ಪರಿಶೀಲಿಸಲಿದ್ದೇವೆ. ಮನೆಯ ಖರ್ಚನ್ನು ಧರ್ಮವು ಎಷ್ಟರಮಟ್ಟಿಗೆ ಆಳಿತು ಎಂಬುದೇ ಇಲ್ಲಿಯ ಪ್ರಶ್ನೆ. ಯಾವಾಗ ಮತ್ತು ಯಾರಿಗಾಗಿ ಖರ್ಚು ಮಾಡಬೇಕೆಂಬುದನ್ನು ಧರ್ಮವು ಬಹುಮಟ್ಟಿಗೆ ನಿರ್ಣಯಿಸಿತು. ಆದರೆ ಹಣವು ಯಾರದು ಎಂಬುದನ್ನು ಅದು ನಿರ್ಣಯಿಸಲಿಲ್ಲ, ಆ ಕೆಲಸವನ್ನು ಮಾಡಿದುದು ಕಾನೂನು ಮತ್ತು ರೂಢಿ ಎಂಬುದು ನಮ್ಮ ಅಭಿಪ್ರಾಯ.

೧

ಮೊದಲು ಈ ಪ್ರದೇಶದ ಸ್ಥಿತಿಯನ್ನು ಗಮನಿಸಬೇಕು. ೧೫೧೦ರಲ್ಲಿ ಗೋವೆಯು ಪೋರ್ತುಗೀಜರ ವಶವಾಯಿತು. ಮುಂದಿನ ಶತಮಾನಗಳಲ್ಲಿ ಅಲ್ಲಿಂದ ಅನೇಕ ಕ್ರೈಸ್ತ ಕುಟುಂಬಗಳು ದಕ್ಷಿಣಕ್ಕೆ ಬಂದು ಕರಾವಳಿಯಲ್ಲಿ ನೆಲಸಿದುವು. ಕಾಳಿ ನದಿಯ ದಡದಿಂದ ಗಂಗಾವಳಿಯವರೆಗಿನ ಈ ತೀರವು ಅವುಗಳಿಗೆ ತೀರ ಸಮೀಪದ್ದಾಗಿತ್ತು. ೧೯೫೩ರಲ್ಲಿ ಬೆಳಗಾವಿ ಧರ್ಮಪ್ರಾಂತವು ರಚಿತವಾಗುವವರೆಗೆ ಇಲ್ಲಿಯ ಇಗರ್ಜಿಗಳು ಗೋವೆಯ ಮಹಾಧರ್ಮಾಧ್ಯಕ್ಷರ ಆಡಳಿತದಲ್ಲಿದ್ದುವು. ಕಾರವಾರವು ತಾನೇ ಒಂದು ಧರ್ಮಪ್ರಾಂತವಾದುದು ೧೯೭೬ರಲ್ಲಿ. ರಾಜ್ಯಾಡಳಿತದ ಮಾತು ಬೇರೆ. ಮದರಾಸು ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವನ್ನು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಹೀಗೆ ಪೂಜೆ, ಮದುವೆ, ಹಬ್ಬಗಳ ವಿಷಯದಲ್ಲಿ ಈ ಜನರು ಗೋವೆಯ ಕಡೆ ನೋಡಿದರೆ, ಆಸ್ತಿಪಾಸ್ತಿಯ ವಿಷಯದಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಕಡೆ ನೋಡಬೇಕಾಯಿತು. ಈ ಎರಡು ದಿಕ್ಕುಗಳ ನಡುವಣ ಅಂತರವೇ ನಮ್ಮ ವಿಷಯದ ತಿರುಳು.

೨

ಕರಾವಳಿಯ ಸಾಮಾನ್ಯ ಕುಟುಂಬಕ್ಕೆ ತಿಂಗಳ ಸಂಬಳವೆಂಬುದು ಇತ್ತೀಚಿನ ಸಂಗತಿ. ಬತ್ತದ ಕೊಯ್ಲು, ತೆಂಗು, ಮೀನುಗಾರಿಕೆ, ಮರಗೆಲಸ, ಹಡಗಿನ ಚಾಕರಿ ಮುಂತಾದುವುಗಳಿಂದ ಬರುತ್ತಿದ್ದ ಆದಾಯವು ಋತುವಿಗೆ ಕಟ್ಟುಬಿದ್ದಿತ್ತು. ಮಳೆಗಾಲದಲ್ಲಿ ಸಮುದ್ರಕ್ಕಿಳಿಯುವಂತಿರಲಿಲ್ಲ. ಆದುದರಿಂದ ಬೇಸಗೆಯ ಕೊನೆಯಲ್ಲಿ ಅಕ್ಕಿ, ಒಣಮೀನು, ಮೆಣಸಿನಕಾಯಿ, ಉಪ್ಪು, ಸೌದೆಗಳನ್ನು ಕೂಡಿಡುವುದೇ ಮನೆಯಾಕೆಯ ದೊಡ್ಡ ಲೆಕ್ಕಾಚಾರ. ಗೋವೆಯ ಕ್ರೈಸ್ತರು ಇದಕ್ಕೆ ‘ಪುರುಮೆಂತ’ ಎನ್ನುತ್ತಾರೆ. ಒದಗಣೆ ಎಂಬ ಅರ್ಥದ ಪೋರ್ತುಗೀಜ ಶಬ್ದದಿಂದ ಬಂದ ಮಾತಿದು. ಕಾಗದದ ಮೇಲೆ ಬರೆಯದಿದ್ದರೂ ಇದು ನಿಜವಾದ ಅರ್ಥದಲ್ಲಿ ಒಂದು ಮುಂಗಡ ಪತ್ರವೇ ಸರಿ.

ಇಂಥ ಋತುಚಕ್ರದ ಮೇಲೆ ಧರ್ಮಸಭೆಯ ವರ್ಷವು ಹೇಗೆ ಹೊಂದಿಕೊಂಡಿತೆಂಬುದು ಕುತೂಹಲಕರವಾಗಿದೆ. ೧೫೬೩ರಲ್ಲಿ ಮುಕ್ತಾಯಗೊಂಡ ಟ್ರೆಂಟ್ ಮಹಾಸಭೆಯು ಎರಡು ಕಾಲಗಳಲ್ಲಿ ವಿಜೃಂಭಣೆಯ ವಿವಾಹವನ್ನು ನಿಷೇಧಿಸಿತ್ತು: ಆಗಮನ ಕಾಲದಿಂದ ಜನವರಿ ೬ರ ಹಬ್ಬದವರೆಗೆ ಒಂದು, ಬೂದಿ ಬುಧವಾರದಿಂದ ಪಾಸ್ಕ ಹಬ್ಬದ ವಾರವು ಮುಗಿಯುವವರೆಗೆ ಇನ್ನೊಂದು. ಉಳಿದ ಕಾಲವನ್ನು ನಮ್ಮ ಕರಾವಳಿಯ ಹವೆಗೆ ಹೋಲಿಸಿ ನೋಡೋಣ. ಜನವರಿಯ ಮೊದಲ ವಾರದಿಂದ ತಪಸ್ಸುಕಾಲದವರೆಗಿನ ಅವಧಿಯು ಬತ್ತವು ಕಣಜ ಸೇರಿ ಕೈಯಲ್ಲಿ ಕಾಸು ಓಡಾಡುವ ಕಾಲ. ಪಾಸ್ಕದ ಅನಂತರದ ಅವಧಿಯು ಮಳೆಗೆ ಮುಂಚಿನ ಬಿಡುವಿನ ಕಾಲ. ಯುರೋಪಿನ ಧರ್ಮಗುರುಗಳು ಕಾಳಿ ತೀರದ ಗದ್ದೆಗಳನ್ನು ಕಂಡವರಲ್ಲ. ಆದರೂ ಅವರ ನಿಯಮವು ಇಲ್ಲಿಯ ಗೃಹಸ್ಥನನ್ನು, ಸಾಲ ಮಾಡದೆ ಮದುವೆ ಮಾಡಲು ಸಾಧ್ಯವಾದ ತಿಂಗಳುಗಳ ಕಡೆಗೇ ತಳ್ಳಿತು.

ಎಲ್ಲ ನಿಯಮಗಳಿಂದಲೂ ಮಿತವ್ಯಯವು ಉಂಟಾಯಿತೆಂದು ಹೇಳುವಂತಿಲ್ಲ. ಶುಕ್ರವಾರದಂದು ಮಾಂಸವನ್ನು ಬಿಡಬೇಕೆಂಬ ವ್ರತವನ್ನೇ ತೆಗೆದುಕೊಳ್ಳಬಹುದು. ಮೀನನ್ನು ಈ ನಿಯಮವು ಮಾಂಸವೆಂದು ಎಣಿಸುವುದಿಲ್ಲ. ದಿನವೂ ಮೀನನ್ನೇ ಉಣ್ಣುವ ಕಾರವಾರದ ಬಡವನಿಗೆ ಈ ವ್ರತದಿಂದ ಉಳಿತಾಯವೂ ಇಲ್ಲ, ಕಷ್ಟವೂ ಇಲ್ಲ. ಅದೇ ರೀತಿ ಹೊಸ ತೆನೆಯ ಹಬ್ಬವು, ಅದು ಗೋವೆಯಲ್ಲಿ ಹೆಚ್ಚಾಗಿ ಆಗಸ್ಟ್ ತಿಂಗಳಲ್ಲಿಯೂ ಮಂಗಳೂರಿನ ಕಡೆ ಸೆಪ್ಟೆಂಬರ್ ೮ರಂದೂ ನಡೆಯುವುದು, ಇಗರ್ಜಿಯಲ್ಲಿ ಆಶೀರ್ವಾದ ಪಡೆದ ತೆನೆಯನ್ನು ಮನೆಗೆ ತರುವ ಹಬ್ಬವೇ ಹೊರತು ದುಂದುವೆಚ್ಚದ ಹಬ್ಬವಲ್ಲ. ಇಂಥವು ಅಕ್ಕಪಕ್ಕದ ಹಿಂದೂ ಒಕ್ಕಲಿನ ಹೊಸತು ಆಚರಣೆಯೊಂದಿಗೆ ಸಮೀಪದ ಸಂಬಂಧವನ್ನಿಟ್ಟುಕೊಂಡಿವೆ.

೩

ಇನ್ನು ಖರ್ಚು ಯಾರಿಗಾಗಿ ಎಂಬ ಪ್ರಶ್ನೆ. ಕ್ರೈಸ್ತ ಬೋಧನೆಯಲ್ಲಿ ಗೃಹಸ್ಥನು ಸಂಪತ್ತಿನ ಒಡೆಯನಲ್ಲ, ಅದರ ಪಾರುಪತ್ಯಗಾರ. ಪೋಪ್ ಹದಿಮೂರನೆಯ ಲಿಯೋ ೧೮೯೧ರಲ್ಲಿ ಹೊರಡಿಸಿದ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವು, ಕೆಲಸಗಾರನ ಕೂಲಿಯು ಮಿತವಾಗಿ ಬಾಳುವ ಕುಟುಂಬಕ್ಕೆ ಸಾಕಾಗಿ ಸ್ವಲ್ಪ ಉಳಿಯುವಂತಿರಬೇಕೆಂದೂ, ಅಗತ್ಯಗಳು ಮತ್ತು ಅಂತಸ್ತಿಗೆ ತಕ್ಕ ವೆಚ್ಚಗಳು ಕಳೆದು ಉಳಿದುದು ಬಡವರಿಗೆ ಸಲ್ಲಬೇಕೆಂದೂ ಬೋಧಿಸಿತು. ಇಲ್ಲಿ ತೊಡಕಿರುವುದು ‘ಅಂತಸ್ತಿಗೆ ತಕ್ಕ ವೆಚ್ಚ’ ಎಂಬಲ್ಲಿ. ಮದುವೆಯ ಊಟ, ವಾದ್ಯ, ಚಿನ್ನ, ಊರಿನ ಫೆಸ್ತಿನ ಯಜಮಾನಿಕೆ, ಇವೆಲ್ಲವೂ ಅಂತಸ್ತಿನ ಹೆಸರಿನಲ್ಲಿಯೇ ಬರುವಂಥವು. ೧೭೩೬ರಲ್ಲಿ ಗೋವೆಯ ಇನ್‌ಕ್ವಿಸಿಷನ್ ನ್ಯಾಯಪೀಠವು ಕ್ರೈಸ್ತರ ಮದುವೆಗಳಲ್ಲಿ ಉಳಿದುಬಂದಿದ್ದ ಅನೇಕ ಆಚಾರಗಳನ್ನು ಒಂದು ದೊಡ್ಡ ಪಟ್ಟಿ ಮಾಡಿ ನಿಷೇಧಿಸಿತು. ಆ ಆಜ್ಞೆಯ ಗುರಿ ಹಿಂದೂ ಆಚಾರಗಳ ಕುರುಹನ್ನು ಅಳಿಸುವುದಾಗಿತ್ತೇ ವಿನಾ ಖರ್ಚನ್ನು ಇಳಿಸುವುದಾಗಿರಲಿಲ್ಲ. ಮದುವೆಯ ಹಿಂದಿನ ದಿನ ತೆಂಗಿನ ಹಾಲನ್ನು ಹಚ್ಚುವ ‘ರೋಸ್’ ಶಾಸ್ತ್ರವು ಕೊಂಕಣಿ ಕ್ರೈಸ್ತರಲ್ಲಿ ಇಂದಿಗೂ ಇದೆ, ಖರ್ಚೂ ಇದೆ.

ಆದರೆ ಇದೇ ಮದುವೆಯ ಲೆಕ್ಕದಲ್ಲಿ ಇನ್ನೊಂದು ಬಾಬು ಉಂಟು. ಮದುವೆಗೆ ಮುಂಚೆ ಕುಟುಂಬದ ಮೃತರ ಸ್ಮರಣಾರ್ಥವಾಗಿ ಬಡವರನ್ನು ಕರೆದು ಉಣಬಡಿಸುವ ಪದ್ಧತಿಯನ್ನು ಗೋವೆಯ ಕೊಂಕಣಿಯಲ್ಲಿ ‘ಭಿಕಾರ್ಯಾಂಚೆಂ ಜೆವಣ’ ಎನ್ನುತ್ತಾರೆ. ಮೃತರಿಗಾಗಿ ಅರ್ಪಿಸುವ ಪೂಜೆಗಳ ಕಾಣಿಕೆ, ಇಗರ್ಜಿಯ ಸಹೋದರಕೂಟವಾದ ‘ಕೊನ್ಫ್ರಾರಿ’ಗೆ ಸಲ್ಲಿಸುವ ವಂತಿಗೆ, ಇವೂ ಇದೇ ಬಗೆಯವು. ಮನೆಯ ಆದಾಯದಲ್ಲಿ ಸತ್ತವರಿಗೂ ಹಸಿದವರಿಗೂ ಒಂದು ಪಾಲಿದೆಯೆಂಬ ಈ ಭಾವನೆಯನ್ನು ಕೇವಲ ಕುರುಡು ರೂಢಿಯೆಂದು ತಳ್ಳಿಹಾಕುವುದು ಸರಿಯಲ್ಲ. ವಿಮೆಯಾಗಲಿ ಪಿಂಚಣಿಯಾಗಲಿ ಇಲ್ಲದ ಕಾಲದಲ್ಲಿ, ಇಂದು ಕೊಟ್ಟವನು ನಾಳೆ ತಾನೂ ಪಡೆಯಬಲ್ಲನೆಂಬ ಭರವಸೆಯು ಇಂಥ ಸಂಸ್ಥೆಗಳಲ್ಲಿಯೇ ಇತ್ತು.

ಸಾಲದ ವಿಷಯದಲ್ಲಿ ಧರ್ಮಸಭೆಯ ಬೋಧನೆ ಕಟ್ಟುನಿಟ್ಟಾಗಿತ್ತು. ೧೭೪೫ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳುವುದನ್ನು ಪಾಪವೆಂದು ಮತ್ತೊಮ್ಮೆ ಸಾರಿದರು. ಆದರೆ ಸಾಲಕೊಡುವವನನ್ನು ಖಂಡಿಸಿದ ಮಾತ್ರಕ್ಕೆ ಸಾಲಬೇಕಾದವನ ಕಷ್ಟವು ತೀರುವುದಿಲ್ಲ. ಅದಕ್ಕೆ ಪರಿಹಾರವು ದೊರೆತುದು ೧೯೦೪ರ ಸಹಕಾರ ಕಾಯಿದೆಯ ತರುವಾಯ. ಮುಂಬಯಿ ಕರ್ನಾಟಕದಲ್ಲಿ ೧೯೦೫ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಹಕಾರ ಸಂಘವು ಹುಟ್ಟಿತು. ೧೯೧೨ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಮಿತವ್ಯಯವು ಒಬ್ಬೊಬ್ಬನ ಸದ್ಗುಣವೆಂಬುದಕ್ಕಿಂತ ಹತ್ತು ಜನರು ಕೂಡಿ ನಡೆಸುವ ವ್ಯವಸ್ಥೆಯೆಂಬ ತಿಳಿವಳಿಕೆ ಇಲ್ಲಿ ಕಂಡುಬರುತ್ತದೆ.

೪

ಈಗ ನಾವು ಮುಖ್ಯ ಪ್ರಶ್ನೆಗೆ ಬರುತ್ತೇವೆ: ಹಣವು ಯಾರದು? ಮತಾಂತರ ಹೊಂದಿದ ಕುಟುಂಬಕ್ಕೆ ಯಾವ ಕಾನೂನು ಅನ್ವಯಿಸಬೇಕೆಂಬ ವಿವಾದವು ಬಳ್ಳಾರಿಯ ಏಬ್ರಹಾಂ ಕುಟುಂಬದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಕ್ರೈಸ್ತನಾದವನು ತನ್ನ ಹಳೆಯ ಕಾನೂನನ್ನು ಉಳಿಸಿಕೊಳ್ಳಲೂಬಹುದು, ಬಿಡಲೂಬಹುದು ಎಂದು ೧೮೬೩ರಲ್ಲಿ ತೀರ್ಪಾಯಿತು. ಎರಡೇ ವರ್ಷಗಳಲ್ಲಿ, ೧೮೬೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಬಂದು ಕ್ರೈಸ್ತರ ವಾರಸಾ ಹಕ್ಕನ್ನು ನಿಶ್ಚಯಿಸಿತು. ಅದರ ಮೇರೆಗೆ, ಮರಣಪತ್ರವಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ವಿಧವೆಗೆ ೩ರಲ್ಲಿ ೧ ಪಾಲು. ಉಳಿದುದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ೧೯೨೫ರ ಕಾಯಿದೆಯಲ್ಲಿಯೂ ಇದೇ ನಿಯಮ ಮುಂದುವರಿಯಿತು.

ಆದರೆ ಅವಿಭಕ್ತ ಕುಟುಂಬದ ಗತಿಯೇನು? ಮದರಾಸಿನ ಉಚ್ಚ ನ್ಯಾಯಾಲಯವು ೧೮೮೬ರ ತೆಲ್ಲಿಸ್–ಸಲ್ಡಾನಾ ಮೊಕದ್ದಮೆಯಲ್ಲಿ, ಕ್ರೈಸ್ತರಲ್ಲಿ ಹಿಂದೂ ಸಮಾಂಶಿತ್ವವು ಉಳಿಯದೆಂದು ಹೇಳಿತು. ಮುಂಬಯಿಯ ನ್ಯಾಯಾಲಯವು ೧೯೦೬ರ ಘೋಸಾಲ್ ಮೊಕದ್ದಮೆಯಲ್ಲಿ ಅದಕ್ಕೆ ವಿರುದ್ಧವಾಗಿ, ಕಾಯಿದೆಯು ಸಮಾಂಶಿತ್ವವನ್ನು ಅಳಿಸಿಲ್ಲವೆಂಬ ನಿಲುವನ್ನು ತಾಳಿತು. ೧೮೬೨ರ ವರ್ಗಾವಣೆಯ ಫಲವಾಗಿ ಮಂಗಳೂರಿನ ಕಥೋಲಿಕನು ಮೊದಲನೆಯ ತೀರ್ಪಿನ ಸೀಮೆಯಲ್ಲಿಯೂ, ಕಾರವಾರದ ಕಥೋಲಿಕನು ಎರಡನೆಯದರ ಸೀಮೆಯಲ್ಲಿಯೂ ಉಳಿದರು. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಬಗೆಯ ಮದುವೆ. ಆದರೆ ಕೂಡುಕುಟುಂಬದ ಹಣದ ಪೆಟ್ಟಿಗೆಗೆ ಎರಡು ಕಾನೂನು.

ಮಾಜಾಳಿಯ ಗಡಿಯನ್ನು ದಾಟಿದೊಡನೆ ಮೂರನೆಯದೊಂದು ಎದುರಾಗುತ್ತದೆ. ೧೮೬೭ರ ಪೋರ್ತುಗೀಜ ಸಿವಿಲ್ ಸಂಹಿತೆಯು ೧೮೭೦ರಿಂದ ಗೋವೆಯಲ್ಲಿ ಜಾರಿಗೆ ಬಂದಿತು. ೧೯೬೧ರ ಗೋವಾ ವಿಮೋಚನೆಯ ಅನಂತರವೂ ಅದರ ಕುಟುಂಬ ನಿಯಮಗಳು ಉಳಿದುಕೊಂಡುವು. ಬೇರೆ ಕರಾರಿಲ್ಲದಿದ್ದರೆ ಮದುವೆಯಿಂದಲೇ ಗಂಡಹೆಂಡಿರ ಆಸ್ತಿಯು ಒಂದಾಗಿ, ಹೆಂಡತಿಯು ಅರ್ಧಕ್ಕೆ ಒಡತಿಯಾಗುತ್ತಾಳೆ. ಈಚೆಗೆ ಕಾರವಾರದಲ್ಲಿ, ಮದುವೆಯೊಂದರಿಂದಲೇ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಯಾವ ಹಕ್ಕೂ ಹುಟ್ಟದೆಂಬುದು ಕಾಯಿದೆ. ಪುರುಮೆಂತದ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಮನೆಯನ್ನು ನಡೆಸಿದವಳು ಗಡಿಯ ಆ ಕಡೆ ಪಾಲುದಾರಳು. ಈ ಕಡೆ, ಗಂಡನು ಬದುಕಿರುವವರೆಗೆ, ಕಾನೂನಿನ ಕಣ್ಣಿನಲ್ಲಿ ಆ ಮನೆಯ ಆಸ್ತಿಗೆ ಹೊರಗಿನವಳು.

ಮಗಳ ಪಾಲಿನ ಮಾತೂ ಇಂಥದೇ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಸಮಪಾಲು ದೊರೆತುದು ಮೇರಿ ರಾಯ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೬ರಲ್ಲಿ ಕೊಟ್ಟ ತೀರ್ಪಿನಿಂದ. ಕನ್ನಡ ಕರಾವಳಿಯಲ್ಲಿ ಆ ಹಕ್ಕು ೧೮೬೫ರಿಂದಲೇ ಪುಸ್ತಕದಲ್ಲಿದೆ. ಆದರೆ ಮದುವೆಯಲ್ಲಿ ಕೊಟ್ಟ ಚಿನ್ನ ಮತ್ತು ವರದಕ್ಷಿಣೆಯೇ ಅವಳ ಪಾಲೆಂದು ಎಣಿಸುವ ರೂಢಿಯು, ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯ ಅನಂತರವೂ, ಆ ಹಕ್ಕನ್ನು ಪುಸ್ತಕದಲ್ಲಿಯೇ ಉಳಿಸಲು ಸಾಕಾಗುವಷ್ಟು ಬಲವಾಗಿದೆ. ಈ ರೂಢಿಯು ಕ್ರೈಸ್ತರಿಗೆ ಮಾತ್ರ ಮೀಸಲಾದುದೂ ಅಲ್ಲ.

೫

ಇದು ಕೇವಲ ಹಳೆಯ ಕಾಲದ ಚರ್ಚೆಯೆಂದು ಯಾರೂ ತಿಳಿಯಬಾರದು. ೧೯೮೬ರಲ್ಲಿಯೇ ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲನ್ನಿಡಲಾಯಿತು; ೨೦೦೫ರಲ್ಲಿ ನೆಲೆಯು ಕಾರ್ಯಾರಂಭ ಮಾಡಿತು. ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು, ಎಲ್ಲ ಜಾತಿಮತಗಳವರು, ಗದ್ದೆ ತೋಟ ಕಡಲತಡಿಗಳನ್ನು ಬಿಟ್ಟು ಪರಿಹಾರದ ಹಣದೊಂದಿಗೆ ಹೊರಬಂದರು. ಋತುವಿನೊಂದಿಗೆ ಬಂದು ಋತುವಿನೊಂದಿಗೆ ಮುಗಿಯುತ್ತಿದ್ದ ಆದಾಯದ ಜಾಗದಲ್ಲಿ ಒಮ್ಮೆಗೇ ಬರುವ ಮೊತ್ತವು ನಿಂತಿತು. ಅದೂ ಖಾತೆಯಲ್ಲಿ ಹೆಸರಿದ್ದವನ ಕೈಗೆ. ಬತ್ತದ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸಿಗೂ, ಬಿಡುವಿನಲ್ಲಿ ಬಲೆ ಹೆಣೆದ ಮುದುಕನಿಗೂ ಗದ್ದೆಯಿದ್ದಾಗ ಒಂದು ತುತ್ತಿನ ಹಕ್ಕಿತ್ತು. ಮೊತ್ತದಲ್ಲಿ ಅವರ ಹಕ್ಕು ಎಷ್ಟು ಎಂಬುದಕ್ಕೆ ಹಬ್ಬದ ಪಂಚಾಂಗದಲ್ಲಿ ಉತ್ತರವಿಲ್ಲ.

ಹೀಗೆ ನೋಡಿದಾಗ, ಧರ್ಮವು ಈ ಮನೆಗಳಿಗೆ ಕಾಲದ ಶಿಸ್ತನ್ನೂ ದಾನದ ಕರ್ತವ್ಯವನ್ನೂ ಕಲಿಸಿತೆಂಬುದು ಸ್ಪಷ್ಟ. ಅಂತಸ್ತಿನ ಖರ್ಚಿಗೂ ಪಾಲಿನ ಅನ್ಯಾಯಕ್ಕೂ ಅದು ಸಾಕಷ್ಟು ತಡೆಯಾಗಲಿಲ್ಲವೆಂಬುದೂ ಅಷ್ಟೇ ಸ್ಪಷ್ಟ. ಪಾರುಪತ್ಯಗಾರನಾದವನು ಲೆಕ್ಕ ಒಪ್ಪಿಸಬೇಕೆಂಬ ಬೋಧನೆಯನ್ನು ಮನೆಯೊಳಗೂ ಅನ್ವಯಿಸಿದರೆ, ಗಂಡನು ಹೆಂಡತಿಗೆ, ಅಣ್ಣನು ತಂಗಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನು ಮಾಡಿ ಈ ಲೇಖನವನ್ನು ಮುಗಿಸುತ್ತೇವೆ. ಅಂಗಡಿಯ ಉದರಿ ಪುಸ್ತಕ, ಮದುವೆಯ ಖರ್ಚಿನ ಪಟ್ಟಿ, ಮುಂಬಯಿಯಿಂದ ಬಂದ ಮನಿಯಾರ್ಡರಿನ ಚೀಟಿ, ಇಗರ್ಜಿಯ ವಂತಿಗೆಯ ರಸೀತಿ, ಇಂಥ ಕಾಗದಗಳನ್ನು ಮನೆ ಬದಲಿಸುವಾಗ ಜನರು ಮೊದಲು ಸುಟ್ಟುಬಿಡುತ್ತಾರೆ. ಕರಾವಳಿಯ ಮಳೆ ಮತ್ತು ಗೆದ್ದಲು ಉಳಿದುದನ್ನು ತಿನ್ನುತ್ತವೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಪೆಟ್ಟಿಗೆಯನ್ನು ಅವಳ ಒಪ್ಪಿಗೆಯಿಂದ ತೆರೆದು, ಇಂಥ ಕಾಗದಗಳಿದ್ದರೆ ನಕಲು ಮಾಡಿಕೊಳ್ಳಬೇಕು. ಕಾಗದಗಳಿಲ್ಲದಿದ್ದರೆ ಅವಳ ಬಾಯಿಲೆಕ್ಕವನ್ನೇ ಬರೆದುಕೊಳ್ಳಬೇಕು. ಯಾವ ಸರಕಾರಿ ದಫ್ತರದಲ್ಲಿಯೂ ದೊರೆಯದ ಇತಿಹಾಸವು ಅಲ್ಲಿದೆ.