ಅರೆತಲೆನೋವು: ವೇದನೆ, ಔಷಧ ಮತ್ತು ಅಹಿಂಸೆ

ಗಾಯದ ನೋವನ್ನು ಕಂಡವರು ಮರುಗುತ್ತಾರೆ. ಜ್ವರದ ತಾಪವನ್ನು ಮುಟ್ಟಿದವರು ನಂಬುತ್ತಾರೆ. ಆದರೆ ಅರೆತಲೆನೋವಿಗೆ ಹೊರಗಿನ ಗುರುತಿಲ್ಲ. ಕತ್ತಲೆ ಕೋಣೆಯಲ್ಲಿ ಮಲಗಿದವಳನ್ನು ಕುರಿತು 'ಕೆಲಸ ತಪ್ಪಿಸಿಕೊಳ್ಳುವ ನೆಪ' ಎಂದು ಮನೆಯವರೇ ನುಡಿಯುವುದುಂಟು. ಈ ರೋಗದ ಇತಿಹಾಸವೆಂದರೆ ಔಷಧಗಳ ಇತಿಹಾಸವಷ್ಟೇ ಅಲ್ಲ. ಪರರ ವೇದನೆಯನ್ನು ಮನುಷ್ಯನು ಅರಿತುಕೊಂಡ ಬಗೆಯ ಇತಿಹಾಸವೂ ಹೌದು.

ಭಾರತೀಯ ವೈದ್ಯರು ಇದನ್ನು ಬಹು ಹಿಂದೆಯೇ ಪ್ರತ್ಯೇಕ ವ್ಯಾಧಿಯೆಂದು ಗುರುತಿಸಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿರುವ ೧೧ ಶಿರೋರೋಗಗಳಲ್ಲಿ 'ಅರ್ಧಾವಭೇದಕ'ವೂ ಒಂದು. ತಲೆಯ ಅರ್ಧಭಾಗವನ್ನು ಸೀಳುವಂತಹ ಈ ನೋವು ಹತ್ತು ದಿನಕ್ಕೋ ಪಕ್ಷಕ್ಕೋ ಮರುಕಳಿಸುತ್ತದೆಂಬ ಸೂಕ್ಷ್ಮ ಅವಲೋಕನ ಅಲ್ಲಿದೆ. ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಅತಿಯಾದ ಆಯಾಸ ಮುಂತಾದವುಗಳನ್ನು ಚರಕಸಂಹಿತೆ ಇದಕ್ಕೆ ಕಾರಣವೆಂದು ಹೇಳುತ್ತದೆ. ಗ್ರೀಕ್ ವೈದ್ಯ ಗ್ಯಾಲೆನ್ ಇದನ್ನು 'ಹೆಮಿಕ್ರೇನಿಯಾ', ಅಂದರೆ ಅರ್ಧ ತಲೆಬುರುಡೆಯ ನೋವು ಎಂದನು. ಇಂದಿನ 'ಮೈಗ್ರೇನ್' ಎಂಬ ಪದ ಅದರಿಂದಲೇ ಹುಟ್ಟಿತು. ಕನ್ನಡದ 'ಅರೆತಲೆನೋವು' ಎಂಬುದೂ ಅದೇ ಅನುಭವವನ್ನು ಸೂಚಿಸುತ್ತದೆ.

ಆದರೆ ಒಂದು ಜೀವದ ನೋವನ್ನು ಕಳೆಯಲು ಇನ್ನೊಂದು ಜೀವವನ್ನು ನೋಯಿಸಬಹುದೇ? ಕ್ರಿ.ಶ. ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿರುವ ಭಾಗದ ಮೇಲೆ ಜೀವಂತ ವಿದ್ಯುತ್ ಮೀನನ್ನು ಇಡುವಂತೆ ಸೂಚಿಸಿದ್ದನು. ಔಷಧದ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ಸ್ಪಷ್ಟವಾಗಿ ನಿರಾಕರಿಸಿದ ಆಚಾರ್ಯರು ನಮ್ಮ ನಾಡಿಗೆ ಸಂಬಂಧಪಟ್ಟವರೆಂಬುದು ಸ್ಮರಣೀಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ಅದರ ಹಿತಾಹಿತಾಧ್ಯಾಯವು ಔಷಧವಾಗಿ ಮಾಂಸದ ಬಳಕೆಯನ್ನು ಖಂಡಿಸುತ್ತದೆ. ಈ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ಆಧುನಿಕ ವೈದ್ಯಶಾಸ್ತ್ರದ ಹಾದಿಯೂ ನೇರವಾಗಿರಲಿಲ್ಲ. ೧೮೭೩ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಲಿವಿಂಗ್ ಈ ರೋಗವನ್ನು ನರಮಂಡಲದ ಬಿರುಗಾಳಿಯೆಂದು ಬಣ್ಣಿಸಿದರು. ರೈ ಧಾನ್ಯಕ್ಕೆ ತಗಲುವ ಎರ್ಗಟ್ ಎಂಬ ಶಿಲೀಂಧ್ರವು ಹಿಂದೆ ಯೂರೋಪಿನಲ್ಲಿ ಅನೇಕರಿಗೆ ವಿಷವಾಗಿತ್ತು. ಅದರಿಂದಲೇ ೧೯೧೮ರಲ್ಲಿ ಪ್ರತ್ಯೇಕಿಸಿದ ಎರ್ಗೊಟಮೀನ್ ಮುಂದೆ ಈ ರೋಗಕ್ಕೆ ಮದ್ದಾಯಿತು. ೧೯೩೮ರಲ್ಲಿ ಗ್ರಹಾಂ ಮತ್ತು ವುಲ್ಫ್ ಎಂಬ ಸಂಶೋಧಕರು ತಲೆಯ ರಕ್ತನಾಳಗಳ ಹಿಗ್ಗುವಿಕೆಯೇ ನೋವಿಗೆ ಕಾರಣವೆಂದು ವಾದಿಸಿದರು. ೧೯೯೧ರಲ್ಲಿ ಸುಮಾಟ್ರಿಪ್ಟಾನ್ ಬಳಕೆಗೆ ಬಂದಿತು. ಮುಖದ ಸಂವೇದನೆಯನ್ನು ಒಯ್ಯುವ ಟ್ರೈಜೆಮಿನಲ್ ನರ ಮತ್ತು ಅದು ಹೊರಸೂಸುವ ಸಿ.ಜಿ.ಆರ್.ಪಿ. ಎಂಬ ರಾಸಾಯನಿಕದ ಪಾತ್ರ ಕ್ರಮೇಣ ತಿಳಿದುಬಂದಿತು. ಅದನ್ನು ತಡೆಯುವ ಔಷಧಗಳಿಗೆ ೨೦೧೮ರಿಂದ ಮನ್ನಣೆ ದೊರೆತಿದೆ. ನೆಪವೆಂದು ಜರೆಯಲಾಗಿದ್ದುದು ಮಿದುಳಿನ ನಿಜವಾದ ವ್ಯಾಧಿಯೆಂಬುದು ಹೀಗೆ ನಿಸ್ಸಂಶಯವಾಯಿತು.

ಈ ನೋವು ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ೪ರಿಂದ ೭೨ ಗಂಟೆಗಳ ಕಾಲ ಬಾಧಿಸುತ್ತದೆ, ವಾಕರಿಕೆಯಾಗುತ್ತದೆ, ಬೆಳಕು, ಸದ್ದುಗಳು ಸಹಿಸಲಾಗುವುದಿಲ್ಲ. ಹಸಿವು, ನೀರಿನ ಕೊರತೆ, ನಿದ್ರಾಭಂಗಗಳು ಅನೇಕರಲ್ಲಿ ಇದನ್ನು ಕೆರಳಿಸುತ್ತವೆ. ದಶಲಕ್ಷಣಪರ್ವದ ಉಪವಾಸದ ಸಂದರ್ಭದಲ್ಲಿ ಶ್ರಾವಕಿಯರಿಗೆ ಎದುರಾಗುವ ಧರ್ಮಸಂಕಟ ಇದೇ. ವ್ರತವನ್ನು ಬಿಟ್ಟರೆ ಅಳುಕು, ಹಿಡಿದರೆ ವೇದನೆ. ಇಲ್ಲಿ ಷೋಡಶ ಭಾವನೆಗಳಲ್ಲಿ ಹೇಳಿರುವ 'ಶಕ್ತಿತಸ್ತಪ'ವನ್ನು ನೆನೆಯಬೇಕು. ತಪಸ್ಸು ಶಕ್ತಿಗನುಸಾರವಾಗಿರಬೇಕೆಂಬುದೇ ಅದರ ತಾತ್ಪರ್ಯ. ತತ್ತ್ವಾರ್ಥಸೂತ್ರವು ವೇದನೆಯ ನಿರಂತರ ಚಿಂತನೆಯನ್ನು ಆರ್ತಧ್ಯಾನದ ನಾಲ್ಕು ಪ್ರಕಾರಗಳಲ್ಲಿ ಒಂದೆಂದು ಎಣಿಸಿದೆ. ಉಪವಾಸವು ದಿನವಿಡೀ ನೋವಿನ ಧ್ಯಾನವಾಗಿಯೇ ಪರಿಣಮಿಸಿದರೆ ಅದರ ಉದ್ದೇಶ ಸಾಧಿಸಿದಂತಾಯಿತೇ? ಅಂಥವರು ಏಕಾಶನವನ್ನೋ ರಸತ್ಯಾಗವನ್ನೋ ಆರಿಸಿಕೊಳ್ಳುವುದು ಹಿಂಜರಿಕೆಯಲ್ಲ, ವಿವೇಕ.

ರೋಗವು ಅಸಾತಾವೇದನೀಯ ಕರ್ಮದ ಉದಯವೆಂಬುದು ನಿಜ. ಆದರೆ ಆ ಮಾತು ರೋಗಿಯ ಸಮತೆಗೆ ಆಸರೆಯಾಗಬೇಕೇ ಹೊರತು ನೋಡುವವರ ನಿರ್ದಯೆಗೆ ಸಮರ್ಥನೆಯಾಗಬಾರದು. ಚತುರ್ವಿಧ ದಾನಗಳಲ್ಲಿ ಔಷಧದಾನವೂ, ಅಂತರಂಗ ತಪಗಳಲ್ಲಿ ವೈಯಾವೃತ್ತ್ಯವೂ ಸೇರಿರುವುದು ಇದಕ್ಕಾಗಿಯೇ.

ಔಷಧದಲ್ಲೂ ಮಿತಿ ಬೇಕು. ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ ೧೫ ದಿನ, ಟ್ರಿಪ್ಟಾನ್‌ಗಳನ್ನು ೧೦ ದಿನ ಅಥವಾ ಅದಕ್ಕಿಂತ ಹೆಚ್ಚಾಗಿ ಸೇವಿಸುತ್ತ ಹೋದರೆ ಅವೇ ತಲೆನೋವಿಗೆ ಕಾರಣವಾಗಬಲ್ಲವು. ಹಠಾತ್ತನೆ ಬಂದ ಅತಿತೀವ್ರ ನೋವು, ಮಾತಿನ ತೊದಲು, ಕೈಕಾಲುಗಳ ದುರ್ಬಲತೆ, ಜ್ವರದೊಡನೆ ಕುತ್ತಿಗೆಯ ಬಿಗಿತಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜಿಲೆಟಿನ್ ಕೋಶದ ಗುಳಿಗೆಗೆ ಬದಲಿ ಉಂಟೇ ಎಂದು ವೈದ್ಯರನ್ನು ಕೇಳುವುದೂ ಶ್ರಾವಕರಿಗೆ ಉಚಿತವೇ. ಇಂದಿನ ಔಷಧಗಳ ಹಿಂದೆ ಪ್ರಾಣಿಪ್ರಯೋಗಗಳಿವೆಯೆಂಬುದನ್ನು ಮರೆಮಾಚಬೇಕಿಲ್ಲ. ಉಗ್ರಾದಿತ್ಯಾಚಾರ್ಯರು ಎತ್ತಿದ ಪ್ರಶ್ನೆ ಇನ್ನೂ ಮುಗಿದಿಲ್ಲ.

ಆದರೆ ಯಾವ ಜೀವಕ್ಕೂ ಬಾಧೆಯಿಲ್ಲದ ಚಿಕಿತ್ಸೆಯೊಂದು ಪ್ರತಿ ಮನೆಯಲ್ಲೂ ಇದೆ. ದೀಪವನ್ನು ಆರಿಸುವುದು, ಸದ್ದನ್ನು ತಗ್ಗಿಸುವುದು, ಅವಳ ಕೆಲಸವನ್ನು ತಾವು ವಹಿಸಿಕೊಳ್ಳುವುದು, ಎಲ್ಲಕ್ಕೂ ಮೊದಲು ಅವಳ ಮಾತನ್ನು ನಂಬುವುದು. ಕಾಣದ ಸೂಕ್ಷ್ಮಜೀವಿಗಳ ನೋವಿಗೂ ಅಂಜಿ ನೀರನ್ನು ಸೋಸಿ ಕುಡಿಯುವ ಸಮಾಜಕ್ಕೆ, ಕಾಣದ ಈ ನೋವನ್ನು ನಂಬುವುದು ಕಷ್ಟವಾಗಬಾರದು.