ಮೂರು ಪ್ರಶ್ನೆಗಳ ಹಿಂದಿನ ಮುನ್ನೂರು ವರ್ಷ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಪಾಳೆಯಗಾರರಿಂದಾಗಿ. ಇಲ್ಲಿಂದ ಆಳಿದ ನಾಯಕರು ಮುಂದೆ ಸಂತೇಬೆನ್ನೂರಿಗೂ ಅಲ್ಲಿಂದ ತರೀಕೆರೆಗೂ ನೆಲೆ ಬದಲಿಸಿದ ಕಥೆ ದಾಖಲಾಗಿದೆ. ಆದರೆ ಆ ಕಾಲದಲ್ಲಿ ಬಾಳಿದ ಸಾಮಾನ್ಯ ಹೆಂಗಸರು ಯಾವ ಕಾಯಿಲೆಯಿಂದ ಸತ್ತರೆಂಬುದನ್ನು ಬರೆದಿಡುವ ಪದ್ಧತಿ ಇರಲಿಲ್ಲ. ಇಂದು ಅದೇ ಬಸವಾಪಟ್ಟಣವೂ ಸೇರಿದಂತೆ ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಒಂದು ಫಾರಂ ಇದೆ. ಮೂವತ್ತು ದಾಟಿದ ಹೆಂಗಸರಿಗೆ ಅದರಲ್ಲಿ ಮೂರು ಪ್ರಶ್ನೆಗಳಿವೆ: ಎದೆಯಲ್ಲಿ ಗಂಟು ಇದೆಯೇ? ಮೊಲೆತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ ಬರುತ್ತಿದೆಯೇ? ಸ್ತನದ ಆಕಾರ ಅಥವಾ ಗಾತ್ರ ಬದಲಾಗಿದೆಯೇ?

ಕೇಳುವವರಿಗೂ ಉತ್ತರಿಸುವವರಿಗೂ ಸಂಕೋಚ ತರುವ ಪ್ರಶ್ನೆಗಳಿವು. ಆದರೆ ಸ್ತನ ಕ್ಯಾನ್ಸರ್ ಬಗ್ಗೆ ಇಂದು ನಮಗೆ ತಿಳಿದಿರುವ ಬಹುಪಾಲು ಸಂಗತಿ ಹೊರಬಿದ್ದದ್ದು ಹೀಗೆ ಕೇಳಿ ಬರೆದಿಟ್ಟುಕೊಂಡದ್ದರಿಂದಲೇ.

ಕಸುಬುಗಳಿಂದ ಬರುವ ಕಾಯಿಲೆಗಳನ್ನು ಕುರಿತು 18ನೇ ಶತಮಾನದ ಆರಂಭದಲ್ಲಿ ಗ್ರಂಥ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ ಒಂದು ವಿಚಿತ್ರವನ್ನು ಗಮನಿಸಿದ. ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಉಳಿದ ಹೆಂಗಸರಿಗಿಂತ ಹೆಚ್ಚಾಗಿತ್ತು. 1842ರಲ್ಲಿ ಅದೇ ದೇಶದ ರಿಗೋನಿ ಸ್ಟರ್ನ್, ವೆರೋನಾ ನಗರದ 1760ರಿಂದ 1839ರವರೆಗಿನ ಮರಣ ದಾಖಲೆಗಳನ್ನು ಎಣಿಸಿ ಈ ಮಾತಿಗೆ ಲೆಕ್ಕದ ಆಧಾರ ಒದಗಿಸಿದ. ಸನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು, ಗರ್ಭಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಅವನಿಗೆ ಕಂಡುಬಂತು.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಬ್ರಿಟನ್ನಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್. ಸ್ತನ ಕ್ಯಾನ್ಸರ್ ಬಂದಿದ್ದ 500 ಹೆಂಗಸರನ್ನೂ ಅದು ಬಾರದಿದ್ದ 500 ಹೆಂಗಸರನ್ನೂ ಒಂದೇ ಬಗೆಯ ಪ್ರಶ್ನೆಗಳಿಂದ ವಿಚಾರಿಸಿ ಅವರು 1926ರಲ್ಲಿ ವರದಿ ಪ್ರಕಟಿಸಿದರು. ಕಾಯಿಲೆ ಬಂದವರಲ್ಲಿ ತಡವಾಗಿ ಮದುವೆಯಾದವರು, ಕಡಿಮೆ ಮಕ್ಕಳನ್ನು ಹೆತ್ತವರು, ಎದೆಹಾಲು ಕಡಿಮೆ ಕುಡಿಸಿದವರು ಹೆಚ್ಚಿದ್ದರು. ರೋಗದ ಕಾರಣ ಹುಡುಕಲು ವೈದ್ಯವಿಜ್ಞಾನ ಇಂದಿಗೂ ಬಳಸುವ ವಿಧಾನಕ್ಕೆ ಈ ವರದಿ ಮಾದರಿಯಾಯಿತು. ಮೂವತ್ತು ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ವರದಿಯೂ ಇದನ್ನೇ ಸಮರ್ಥಿಸಿತು: ಎದೆಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ 4.3ರಷ್ಟು ತಗ್ಗುತ್ತದೆ.

ಇದರ ಹಿಂದಿನ ಮುಖ್ಯ ಸೂತ್ರಧಾರಿ ಈಸ್ಟ್ರೋಜೆನ್ ಎಂಬ ಹಾರ್ಮೋನು. ಬೇಗ ಮೈನೆರೆದು ತಡವಾಗಿ ಮುಟ್ಟು ನಿಂತವರ ಸ್ತನದ ಜೀವಕೋಶಗಳು ಹೆಚ್ಚು ವರ್ಷ ಅದರ ಪ್ರಭಾವದಲ್ಲಿರುತ್ತವೆ. ಮುಟ್ಟು ನಿಂತ ಮೇಲೆ ಈ ಹಾರ್ಮೋನನ್ನು ತಯಾರಿಸುವುದು ಮುಖ್ಯವಾಗಿ ಮೈಯ ಕೊಬ್ಬು. ಆದ್ದರಿಂದಲೇ ಆ ವಯಸ್ಸಿನಲ್ಲಿ ಬೊಜ್ಜು ಅಪಾಯ ಹೆಚ್ಚಿಸುತ್ತದೆ. ಆಶಾ ಕಾರ್ಯಕರ್ತೆ ಸೊಂಟದ ಸುತ್ತಳತೆ ತೆಗೆದುಕೊಳ್ಳುವುದು, ವಾರಕ್ಕೆ 150 ನಿಮಿಷ ಮೈ ಬಗ್ಗಿಸುವ ಕೆಲಸವೋ ವ್ಯಾಯಾಮವೋ ಇದೆಯೇ ಎಂದು ಕೇಳುವುದು, ಮದ್ಯದ ಬಗ್ಗೆ ವಿಚಾರಿಸುವುದು ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಎಂದು ಹಲವರು ತಿಳಿದಿದ್ದಾರೆ. ಸ್ತನ ಕ್ಯಾನ್ಸರಿಗೂ ಅವು ಅಷ್ಟೇ ಸಲ್ಲುತ್ತವೆ. ಮುಟ್ಟು ನಿಂತ ಮೇಲೆ ನುಂಗುವ ಹಾರ್ಮೋನು ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ಮುಂದುವರಿಸಬಾರದೆಂಬುದಕ್ಕೂ ಇದೇ ಕಾರಣ.

ನಮ್ಮ ನಾಡಿನ ಲೆಕ್ಕ ಶುರುವಾದದ್ದು ತಡವಾಗಿ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ನಗರದ ಕ್ಯಾನ್ಸರ್ ನೋಂದಣಿಯನ್ನು ಅಲ್ಲಿ 1982ರಿಂದ ನಡೆಸಿಕೊಂಡು ಬರಲಾಗಿದೆ. ಮೊದಲ ವರ್ಷಗಳ ಪುಟಗಳಲ್ಲಿ ಹೆಂಗಸರ ಕ್ಯಾನ್ಸರುಗಳ ಪೈಕಿ ಗರ್ಭಕೊರಳಿನದೇ ಮುಂದಿತ್ತು. ಕ್ರಮೇಣ ಸ್ತನದ ಕ್ಯಾನ್ಸರ್ ಆ ಸ್ಥಾನಕ್ಕೆ ಬಂತು. ಆಯುಷ್ಯ ಹೆಚ್ಚಿದೆ, ಮದುವೆಯ ವಯಸ್ಸು ಏರಿದೆ, ಮಕ್ಕಳ ಸಂಖ್ಯೆ ಇಳಿದಿದೆ, ಮೈದುಡಿಮೆ ಕುಗ್ಗಿದೆ.

ಹಾಗೆಂದು ಹುಡುಗಿಯರಿಗೆ ಬೇಗ ಮದುವೆ ಮಾಡಿಬಿಡಬೇಕೆಂದು ಯಾರಾದರೂ ವಾದಿಸಿದರೆ ಅದು ಅಪಾಯದ ಮಾತು. ಚಿಕ್ಕ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ ಗರ್ಭಕೊರಳಿನ ಕ್ಯಾನ್ಸರಿಗೆ ದಾರಿ ಮಾಡುತ್ತವೆ, ತಾಯಂದಿರ ಜೀವಕ್ಕೇ ಎರವಾಗುತ್ತವೆ. ಹುಡುಗಿಯ ಓದು ಕಾಯಿಲೆಯ ಕಾರಣವಲ್ಲ. ಕಾಯಿಲೆಯನ್ನು ಬೇಗ ಗುರುತಿಸಲು ಇರುವ ದೊಡ್ಡ ಆಸರೆ ಅದು. ಅಪಾಯದ ಪಟ್ಟಿ ಓದಿ ಯಾವ ಹೆಂಗಸೂ ತನ್ನನ್ನು ತಾನು ಹಳಿದುಕೊಳ್ಳಬೇಕಾಗಿಲ್ಲ. ಹೆತ್ತು, ಹಾಲೂಡಿಸಿ, ಹೊಲದಲ್ಲಿ ದುಡಿದವರಿಗೂ ಈ ಕಾಯಿಲೆ ಬರುತ್ತದೆ.

ವಂಶದ ಮಾತೂ ಹಾಗೆಯೇ. ಬಿಆರ್‌ಸಿಎ ಎಂಬ ವಂಶವಾಹಿಗಳು 1994 ಮತ್ತು 1995ರಲ್ಲಿ ಪತ್ತೆಯಾದವು. ಅವುಗಳಲ್ಲಿನ ದೋಷ ತಂದೆಯ ಕಡೆಯಿಂದಲೂ ಬರಬಹುದು. ಆದರೆ ವಂಶದಿಂದ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ. ತಾಯಿಗೋ ಅಕ್ಕತಂಗಿಯರಿಗೋ ಸೋದರತ್ತೆಗೋ ಈ ಕಾಯಿಲೆ ಬಂದಿದ್ದರೆ ಕೇಳದಿದ್ದರೂ ವೈದ್ಯರಿಗೆ ಹೇಳಬೇಕು. ಮನೆತನದಲ್ಲಿ ಯಾರಿಗೂ ಇಲ್ಲವೆಂದು ನಿಶ್ಚಿಂತರಾಗಿಯೂ ಇರಬಾರದು.

ಪೂರ್ತಿ ತಡೆಯುವ ಉಪಾಯ ಇಲ್ಲದಿರುವಾಗ ಬೇಗ ಹಿಡಿಯುವುದೇ ಉಳಿದ ದಾರಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಒಂದು ಅಧ್ಯಯನ ಆರಂಭಿಸಿತು. ಅವರಲ್ಲಿ ಒಂದು ಗುಂಪಿನವರ ಸ್ತನವನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆಗೊಳಗಾದವರಲ್ಲಿ ಕಾಯಿಲೆ ಮೊದಲ ಹಂತದಲ್ಲೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಇದಕ್ಕೆ ದುಬಾರಿ ಯಂತ್ರವೇನೂ ಬೇಕಾಗಲಿಲ್ಲ.

ಸ್ತನ ಕ್ಯಾನ್ಸರಿನ ಗಂಟು ಮೊದಲಿಗೆ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ್ದನ್ನು ತೋರಿಸುವುದೇಕೆ ಎಂಬ ಮಾತಿನಲ್ಲೇ ತಿಂಗಳುಗಳು ಉರುಳುತ್ತವೆ. ಹಾಲು ಗಟ್ಟಿದೆ, ಪೆಟ್ಟು ಬಿದ್ದಿದೆ ಎಂಬ ಸಮಾಧಾನಗಳು ಬೇರೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದೂ ನಿಜ. ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಬೇಕಾದದ್ದು ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ, ನೆರೆಮನೆಯವರಲ್ಲ. ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆಯ ನೆರವೂ ಇದೆ.

ಫಾರಂ ಹಿಡಿದು ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಗಂಡಸರ ಮುಂದೆ ನಿಲ್ಲಿಸಿ ಉತ್ತರಿಸಬೇಡಿ. ಒಳಗೆ ಕರೆದು ಕೂರಿಸಿ. ಅತ್ತೆಗೂ ಸೊಸೆಗೂ ಬೇರೆ ಬೇರೆಯಾಗಿ ಮಾತನಾಡಲು ಬಿಡಿ. ಹಾಗೆ ಬಿಟ್ಟರೆ, ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡ ಗಂಟೊಂದು ಅಂದೇ ಹೊರಬೀಳಬಹುದು.