ಸಿಡುಬು ಹೋಯಿತು, ಕಾಯಿದೆಯೂ ಹೋಯಿತು

ಮಂಗಳೂರಿನಿಂದ ಪುತ್ತೂರಿಗೆ ಹೊರಟವರಿಗೆ, ಪೇಟೆ ಇನ್ನೇನು ಬಂತು ಎನ್ನುವಷ್ಟರಲ್ಲಿ ಕಬಕ ಎದುರಾಗುತ್ತದೆ. ರೈಲು ನಿಲ್ದಾಣಕ್ಕೆ ‘ಕಬಕ ಪುತ್ತೂರು’ ಎಂಬ ಹೆಸರಿರುವುದರಿಂದ ಊರನ್ನು ಕಾಣದವರಿಗೂ ಅದರ ಹೆಸರು ಪರಿಚಿತವೇ. ಇಲ್ಲಿಂದ ಒಂದು ರಸ್ತೆ ವಿಟ್ಲದ ಮೇಲಾಗಿ ಸಾರಡ್ಕ, ಪೆರ್ಲಗಳ ಕಡೆಗೆ, ಅಲ್ಲಿಂದ ಕಾಸರಗೋಡಿಗೆ ಹೋಗುತ್ತದೆ. ಇನ್ನೊಂದು ಪುತ್ತೂರು, ಸುಳ್ಯ, ಸಂಪಾಜೆಗಳನ್ನು ಹಾದು ಘಟ್ಟವೇರಿ ಕೊಡಗು, ಮೈಸೂರುಗಳನ್ನು ಸೇರುತ್ತದೆ. ಅಡಿಕೆಯ ಮೂಟೆ ಹೋಗುವ ದಾರಿ, ಮದುವೆಯ ದಿಬ್ಬಣ ಹೋಗುವ ದಾರಿ. ಅಂಟುರೋಗಕ್ಕೂ ಇದೇ ದಾರಿ.

1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆ ಬದಲಾಗುವವರೆಗೆ ಕಬಕದಿಂದ ಮೈಸೂರಿಗೆ ಹೊರಟವನು ಮದರಾಸು, ಕೊಡಗು, ಮೈಸೂರು ಎಂಬ ಮೂರು ಸರಕಾರಗಳ ನೆಲವನ್ನು ತುಳಿಯಬೇಕಾಗಿತ್ತು. ಕಾಸರಗೋಡಿಗೆ ಹೊರಟವನಾದರೋ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದನಷ್ಟೆ. ಆ ಜಿಲ್ಲೆಗೆ ಅಂದು ಸಿಡುಬಿನ ಕಾನೂನು ಒಂದೇ ಇತ್ತು. ಇಂದು ಆ ಕಾನೂನಿನ ಕಡೆಗೆ ಮತ್ತೆ ತಿರುಗಿ ನೋಡಲು ಕಾರಣವುಂಟು.

ಭೂಮಿಯ ಮೇಲೆ ಈಗ ಸಿಡುಬಿಲ್ಲ. ಭಾರತದ ಕೊನೆಯ ಪ್ರಕರಣ ಅಸ್ಸಾಮಿನ ಕರೀಂಗಂಜದಲ್ಲಿ 1975ರ ಮೇ ತಿಂಗಳಲ್ಲಿ ಕಂಡಿತು. ಜಗತ್ತಿನಲ್ಲಿ ತಾನಾಗಿ ಬಂದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯದಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ರೋಗ ನಿರ್ಮೂಲವಾಯಿತೆಂದು ಸಾರಿತು. ಆದರೆ ರೋಗಾಣು ನಿರ್ಮೂಲವಾಗಲಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿಯೂ ರಷ್ಯದ ಕೊಲ್ತ್ಸೊವೊದಲ್ಲಿಯೂ ಅದನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ಪ್ರಯೋಗಶಾಲೆಯ ಗೋಡೆ ಎಷ್ಟು ಗಟ್ಟಿ ಎಂಬುದನ್ನು 1978ರಲ್ಲಿ ಬರ್ಮಿಂಗ್‌ಹ್ಯಾಮ್ ತೋರಿಸಿಕೊಟ್ಟಿತು: ಸಿಡುಬಿನ ಪ್ರಯೋಗಶಾಲೆಯಿದ್ದ ಕಟ್ಟಡದಲ್ಲಿ ಕೆಲಸಮಾಡುತ್ತಿದ್ದ ಛಾಯಾಚಿತ್ರಗ್ರಾಹಿ ಮಹಿಳೆಯೊಬ್ಬಳು ಅದೇ ರೋಗ ತಗಲಿ ತೀರಿಕೊಂಡಳು. ಇನ್ನು ಬೇಕೆಂದೇ ಹರಡುವ ವಿಚಾರವೂ ಹೊಸದಲ್ಲ. 1763ರಲ್ಲಿ ಉತ್ತರ ಅಮೆರಿಕದ ಪಿಟ್ ಕೋಟೆಯಲ್ಲಿದ್ದ ಇಂಗ್ಲಿಷರು, ಸಂಧಾನಕ್ಕೆ ಬಂದ ಮೂಲನಿವಾಸಿಗಳ ಕೈಗೆ ಸಿಡುಬಿನ ಆಸ್ಪತ್ರೆಯ ಕಂಬಳಿಗಳನ್ನು ಉಡುಗೊರೆಯೆಂದು ಕೊಟ್ಟು ಕಳುಹಿಸಿದ್ದರು.

ಹೀಗೆ ಯಾರಾದರೂ ಬೇಕೆಂದೇ ಸಿಡುಬನ್ನು ಊರೊಳಗೆ ತಂದರೆ ಸರಕಾರ ಯಾವ ಕಾನೂನನ್ನು ಹಿಡಿದು ಹೊರಡಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ 1880ರಷ್ಟು ಹಿಂದೆಯೇ ಒಂದು ಉತ್ತರವಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆಗ ದಾಕು ಹಾಕುವುದಕ್ಕಿಂತ ಹಳೆಯದಾದ ಪದ್ಧತಿಯೊಂದು ರೂಢಿಯಲ್ಲಿತ್ತು. ಸೌಮ್ಯವಾಗಿ ಸಿಡುಬೆದ್ದವನ ಗುಳ್ಳೆಯಿಂದ ಕೀವು ತೆಗೆದು, ಆರೋಗ್ಯವಂತನ ಚರ್ಮವನ್ನು ಗೀರಿ ಹಚ್ಚುವುದು. ಹಚ್ಚಿಸಿಕೊಂಡವನು ಬಹಳಮಟ್ಟಿಗೆ ಬದುಕಿಕೊಳ್ಳುತ್ತಿದ್ದ. ಆದರೆ ಅವನ ಮೈಮೇಲೆ ಏಳುವುದು ನಿಜವಾದ ಸಿಡುಬೇ ಆದುದರಿಂದ ನೆರೆಮನೆಯವರಿಗೆ ಅದು ಮಾರಿಯಾಗುತ್ತಿತ್ತು. 1880ರ ವ್ಯಾಕ್ಸಿನೇಷನ್ ಕಾಯಿದೆ, ತಾನು ಜಾರಿಯಲ್ಲಿದ್ದ ಪುರಸಭೆ ಮತ್ತು ದಂಡುಪ್ರದೇಶಗಳಲ್ಲಿ ಈ ಪದ್ಧತಿಯನ್ನೇ ನಿಷೇಧಿಸಿತು. ಹಾಗೆ ಹಚ್ಚಿಸಿಕೊಂಡವನು ಪ್ರಮಾಣಪತ್ರವಿಲ್ಲದೆ 40 ದಿನ ಊರೊಳಕ್ಕೆ ಕಾಲಿಡಕೂಡದೆಂದೂ ವಿಧಿಸಿತು. ಉದ್ದೇಶ ಒಳ್ಳೆಯದಿರಲಿ ಕೆಟ್ಟದಿರಲಿ, ಸಿಡುಬಿನ ಬೀಜವನ್ನು ಊರಿಗೆ ತರಕೂಡದು ಎಂಬುದು ಅದರ ತಾತ್ಪರ್ಯ.

ಮದರಾಸು ಪ್ರಾಂತಕ್ಕೆ 1884ರಲ್ಲಿ ತನ್ನದೇ ವ್ಯಾಕ್ಸಿನೇಷನ್ ಕಾಯಿದೆ ಬಂತು. ಕಬಕದಂಥ ಹಳ್ಳಿಗಳ ಮಟ್ಟಿಗೆ ಹೆಚ್ಚು ಮುಖ್ಯವಾದುದು 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ. ಅದನ್ನು ಓದುತ್ತ ಹೋದರೆ ಒಬ್ಬ ಜಾಗರೂಕ ಗೃಹಸ್ಥ ಮನೆಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಂತೆ ತೋರುತ್ತದೆ. ಅಂಟುರೋಗ ಕಂಡ ವೈದ್ಯ ತಿಳಿಸಬೇಕು. ವಸತಿಗೃಹದ ಯಜಮಾನ ತಿಳಿಸಬೇಕು. ಮನೆಯ ಹಿರಿಯ ತಿಳಿಸಬೇಕು. ಹಳ್ಳಿಯಾದರೆ ಆರೋಗ್ಯಾಧಿಕಾರಿಗೋ ಗ್ರಾಮದ ಮುಖ್ಯಸ್ಥನಿಗೋ ಹೇಳಿದರೂ ಸಾಕು. ನಮ್ಮ ಸೀಮೆಯಲ್ಲಿ ಮುಖ್ಯಸ್ಥನೆಂದರೆ ಪಟೇಲ. ರೋಗಿ ಬಾಡಿಗೆಯ ವಾಹನ ಹತ್ತುವುದು, ಅವನ ಬಟ್ಟೆ ಮಡಿವಾಳರ ಮನೆಗೆ ಹೋಗುವುದು, ಅವನಿದ್ದ ಮನೆಯನ್ನು ಶುದ್ಧಿಮಾಡದೆ ಬಾಡಿಗೆಗೆ ಕೊಡುವುದು, ರೋಗವಿರುವ ಮಗುವನ್ನು ಶಾಲೆಗೆ ಕಳುಹಿಸುವುದು ಎಲ್ಲಕ್ಕೂ ಅದರಲ್ಲಿ ಮಾತುಂಟು. ಪುಸ್ತಕ ಭಂಡಾರದಿಂದ ತಂದ ಪುಸ್ತಕವನ್ನು ರೋಗಿ ಮುಟ್ಟಿದರೆ ಏನು ಮಾಡಬೇಕೆಂಬುದನ್ನು ಕೂಡ ಶಾಸನಕರ್ತರು ಮರೆಯಲಿಲ್ಲ!

ಇದೆಲ್ಲ ಕಾಗದದ ಮೇಲೆ ಇದ್ದಷ್ಟು ಅಚ್ಚುಕಟ್ಟಾಗಿ ನಡೆಯಿತೆಂದು ನಂಬುವುದು ಕಷ್ಟ. ‘ಅಮ್ಮ’ ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿ, ರೋಗಿಯನ್ನು ಒಳಕೋಣೆಯಲ್ಲಿ ಮಲಗಿಸಿ, ದೇವಿಯ ಹೆಸರನ್ನು ಗಟ್ಟಿಯಾಗಿ ಆಡದೆ ದಿನ ಕಳೆಯುತ್ತಿದ್ದ ಕಾಲವದು. ಮಾರಿ ಕಳೆಯಲು ತುಳುನಾಡಿನಲ್ಲಿ ಆಟಿ ಕಳಂಜ ಮನೆ ಮನೆಗೆ ಬರುತ್ತಿದ್ದ. ದಾಕು ಹಾಕುವವನೂ ಬರುತ್ತಿದ್ದ. ಜನರಿಗೆ ಯಾರ ಮೇಲೆ ವಿಶ್ವಾಸ ಹೆಚ್ಚೆಂದು ಕೇಳಬೇಕಾಗಿಲ್ಲ. ಆದರೂ ಕೊನೆಗೆ ಗೆದ್ದದ್ದು ದಾಕೇ. ಮದರಾಸು ಪ್ರಾಂತಕ್ಕೆಲ್ಲ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಿಂದ ಲಸಿಕೆ ಬರುತ್ತಿತ್ತು. 1962ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದ ಮೇಲೆ ದೇಶಕ್ಕೆ ಒಣಲಸಿಕೆಯನ್ನು ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ನಮ್ಮ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟೂ ಒಂದು.

ರೋಗ ಹೋದ ಮೇಲೆ ಕಾಯಿದೆ ಏಕೆ? 1880ರ ಕಾಯಿದೆಯನ್ನು ಸಂಸತ್ತು 2001ರಲ್ಲಿ ರದ್ದುಮಾಡಿತು. ಅದೇ ವರ್ಷದ ಶರತ್ಕಾಲದಲ್ಲಿ ಅಮೆರಿಕದ ಅಂಚೆಯಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ತುಂಬಿದ ಲಕೋಟೆಗಳು ಬಂದು ಐವರು ಸತ್ತರು. ಮುಂದಿನ ಸರದಿ ಸಿಡುಬಿನದೇ ಎಂದು ಅಲ್ಲಿ ಎಲ್ಲರೂ ಹೆದರಿದರು. ಆ ಡಿಸೆಂಬರಿನೊಳಗೆ ಅಲ್ಲಿನ ನ್ಯಾಯಪಂಡಿತರು ರಾಜ್ಯಗಳಿಗಾಗಿ ಒಂದು ಮಾದರಿ ಶಾಸನವನ್ನು ಬರೆದು ಮುಂದಿಟ್ಟರು. ಜನರನ್ನು ಪ್ರತ್ಯೇಕಿಸುವ ಅಧಿಕಾರವೂ, ಹಾಗೆ ಪ್ರತ್ಯೇಕಿಸಲ್ಪಟ್ಟವನು ನ್ಯಾಯಾಲಯದ ಮೊರೆಹೋಗುವ ಹಕ್ಕೂ ಅದರಲ್ಲಿ ಒಟ್ಟಿಗೇ ಇದ್ದುವು.

ನಮ್ಮಲ್ಲಿ ಉಳಿದದ್ದು, ಮುಂಬಯಿಯ ಪ್ಲೇಗಿಗೆ ಹೆದರಿ ಆತುರದಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಅದರಲ್ಲಿ ಇದ್ದದ್ದು ನಾಲ್ಕೇ ಕಲಮು: ಸರಕಾರ ಬೇಕಾದ ನಿಯಮ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಅಧಿಕಾರಿಯ ಮೇಲೆ ದಾವೆಯಿಲ್ಲ. ರೋಗಿಗೆ ಸರಕಾರ ಏನು ಮಾಡಬೇಕೆಂಬ ಮಾತು ಎಲ್ಲಿಯೂ ಇಲ್ಲ. ಅಪರಾಧಿಯನ್ನು ದಂಡಿಸಲು ಕಾನೂನಿಗೆ ಕೊರತೆಯಿಲ್ಲ. ಜೈವಿಕ ವಸ್ತುವನ್ನು ಬಳಸಿದ ಭಯೋತ್ಪಾದಕನಿಗೆ ಕಠಿಣ ಶಿಕ್ಷೆಯುಂಟು. ಆದರೆ ಅವನು ಸಿಕ್ಕಿಬಿದ್ದ ಮರುದಿನ ಬೆಳಗ್ಗೆ ಜ್ವರದಿಂದ ಏಳಲಾರದ ಮನುಷ್ಯನ ಮನೆಗೆ ಯಾರು ಹೋಗಬೇಕು, ಯಾರಿಗೆ ಹೇಳಬೇಕು, ಅವನ ಕೂಲಿಗೆ ಯಾರು ಹೊಣೆ? 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಕರಡು ಮಸೂದೆಯ ಹೆಸರಿನಲ್ಲೇ ‘ಜೈವಿಕ ಭಯೋತ್ಪಾದನೆ’ ಎಂಬ ಮಾತಿತ್ತು. ಆ ಕರಡು ಶಾಸನವಾಗಲಿಲ್ಲ. 1897ರ ಕಾಯಿದೆ ಸಾಲದೆಂದು ಕಾನೂನು ಆಯೋಗವೂ 2024ರ ಫೆಬ್ರವರಿಯಲ್ಲಿ ತನ್ನ 286ನೆಯ ವರದಿಯಲ್ಲಿ ಹೇಳಿದೆ.

ಈ ಕೊರತೆಯ ಬೆಲೆ ಏನೆಂಬುದನ್ನು ಕಬಕದಿಂದ ಕವಲೊಡೆಯುವ ರಸ್ತೆಯ ಜನ ಸಿಡುಬಿಲ್ಲದೆಯೇ ಕಂಡರು. 2020ರ ಮಾರ್ಚಿಯಲ್ಲಿ ಕೊರೋನಾ ಬಂದಾಗ ಕರ್ನಾಟಕ ಸರಕಾರ ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿಸಿ ಮುಚ್ಚಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ತಡೆದು ನಿಲ್ಲಿಸಲ್ಪಟ್ಟರು. ಚಿಕಿತ್ಸೆ ಸಿಗದೆ ಸತ್ತವರೂ ಉಂಟು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಯಬೇಕೆಂದಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 7ರಂದು, ಒಪ್ಪಂದವಾಯಿತೆಂದು ಕೇಂದ್ರ ಸರಕಾರ ಅಲ್ಲಿ ಹೇಳಿತು. ತಪಾಸಣೆಯ ನಂತರ ರೋಗಿಗಳನ್ನು ತಲಪಾಡಿಯಲ್ಲಿ ಬಿಡತೊಡಗಿದರು.

ಅದೇ ಏಪ್ರಿಲಿನಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯನ್ನು ತಂದು, ಬಳಿಕ ಅದನ್ನು ಕಾಯಿದೆಯಾಗಿ ಮಾಡಿತು. ಕೇರಳ ಅದಕ್ಕಿಂತ ಒಂದು ತಿಂಗಳು ಮುಂಚೆಯೇ ತನ್ನದನ್ನು ತಂದಿತ್ತು. 1939ರ ಮದರಾಸು ಕಾಯಿದೆ ಕಾಸರಗೋಡಿನಲ್ಲಿ 2023ರವರೆಗೂ ಉಸಿರಾಡಿಕೊಂಡಿತ್ತು. ಆ ವರ್ಷ ಕೇರಳದ ಹೊಸ ಆರೋಗ್ಯ ಕಾಯಿದೆ ಅದರ ಜಾಗಕ್ಕೆ ಬಂತು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಸಾರಡ್ಕದ ಈಚೆಗೊಂದು ಶಾಸನ, ಆಚೆಗೊಂದು ಶಾಸನ. 2020ರಲ್ಲಿ ಬಂದ ಆ ಎರಡು ಸುಗ್ರೀವಾಜ್ಞೆಗಳಲ್ಲಿಯೂ, ಬೇಕೆನಿಸಿದಷ್ಟು ಕಾಲ ರಾಜ್ಯದ ಗಡಿಯನ್ನು ಮುಚ್ಚುವ ಅಧಿಕಾರವನ್ನು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರೆದಿಟ್ಟರು.